ಹನ್ನೆರಡನೇ ಪುಟದ ನಗು

"ನಗೇ ಚಿನ್ನ, ಹಿಮ ಬಿದ್ದಿದೆ ನೋಡು," ಎಂದಳು ಚಿಕ್ಕಮ್ಮ, ಕ್ಯಾಮೆರಾದ ಹಿಂದಿನಿಂದ.

"ಇದು ಹತ್ತಿ," ಎಂದಳು ಗುಬ್ಬಿ.

"ಗೊತ್ತು. ಗೊತ್ತಿಲ್ಲದ ಹಾಗೆ ನಗು."

"ಸುಳ್ಳು ಹೇಳಬಾರದು ಅಂತ ನೀನೇ ಹೇಳಿದ್ದೆ."

"ಬಾಯಲ್ಲಿ ಹೇಳಬಾರದು. ಹಲ್ಲಲ್ಲಿ ಹೇಳಬಹುದು."

ಗುಬ್ಬಿ ಹಲ್ಲು ತೋರಿಸಿದಳು. ಹಲ್ಲಿನ ಡಾಕ್ಟರ ಎದುರು ಕೂತ ಹಾಗಿತ್ತು. ಚಿಕ್ಕಮ್ಮ ಗುಂಡಿ ಒತ್ತಲಿಲ್ಲ.

ಹಿಮದಲ್ಲಿ ಆಡುವ ಮಗುವಿನ ಚಿತ್ರಪುಸ್ತಕ. ಹನ್ನೊಂದು ಪುಟ ಹೇಗೋ ದಡ ಸೇರಿದ್ದವು. ಹನ್ನೆರಡನೆಯದರಲ್ಲಿ ಹುಡುಗಿ ಹಿಮದ ನಡುವೆ ನಿಂತು ನಗಬೇಕು, ಅಷ್ಟೇ. ಆ ಅಷ್ಟಕ್ಕೇ ಬೆಳಗಿನಿಂದ ಚಿಕ್ಕಮ್ಮನ ಗಂಟಲು ಒಣಗಿತ್ತು.

ಮೊದಲು ಹೊರಗೆ ತೆಗೆದ ಚಿತ್ರಗಳನ್ನೆಲ್ಲ ಪ್ರಕಾಶಕರು ವಾಪಸ್ ಕಳಿಸಿದ್ದರು. 'ಇದು ಹಿಮವೇ? ಬೂದಿ ಚೆಲ್ಲಿದ ಹಾಗಿದೆ. ಮಕ್ಕಳು ನಂಬುವಂತಿರಲಿ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಈ ಸಲ ಅವಳು ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಾಸಿ, ಮೇಲೆ ಉಪ್ಪು ಉದುರಿಸಿದ್ದಳು. ಕಣ್ಣು ಕುಕ್ಕುವಷ್ಟು ಬಿಳುಪು.

ಐದಕ್ಕೆ ಅಚ್ಚು ಶುರು. ಇದೂ ಕೈತಪ್ಪಿದರೆ ಸ್ಟುಡಿಯೋಗೆ ಬೀಗ. ಮತ್ತೆ ಯಾರದೋ ಅಂಗಡಿಯಲ್ಲಿ ನಿಂತು, ಸ್ವಲ್ಪ ಗಲ್ಲ ಎತ್ತಿ ಎನ್ನುತ್ತ ಪಾಸ್‌ಪೋರ್ಟ್ ಫೋಟೋ ತೆಗೆಯುವ ಬದುಕು. ಅವಳ ಮೇಲೆ ನಂಬಿಕೆ ಸಾಲದೆ ಪ್ರಕಾಶಕರು ಪ್ರೆಸ್ಸಿನವನೊಬ್ಬನನ್ನು ತಲೆಯ ಮೇಲೆ ಕೂರಿಸಿದ್ದರು. ಬೆಳಿಗ್ಗೆ ಬಸ್ಸಿಲ್ಲದೆ ನಡೆದೇ ಬಂದಿದ್ದ. ಕೂದಲಿನಿಂದ ನೀರಿಳಿಯುತ್ತಿತ್ತು. ಒಂದು ಟವೆಲ್ ಸಾಲದೆ ಇನ್ನೊಂದು ಕೇಳಿದ್ದ.

ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ನಾಲ್ಕು ದೀಪಗಳ ಕಾವು. ಫ್ಯಾನು ಹಾಕಿದರೆ ಹಿಮ ಹಾರುತ್ತದೆ. ಉಣ್ಣೆಯ ಕೋಟು, ಟೋಪಿ, ಕೈಗವಸಿನೊಳಗೆ ಗುಬ್ಬಿ ಬೇಯುತ್ತಿದ್ದಳು. ಕೋಟು ಮಾತ್ರ ಅವಳಿಗೆ ಹೇಳಿ ಮಾಡಿಸಿದಂತೆ ಕೂತಿತ್ತು.

"ನಾನು ಹೊರಗೆ ಆಡ್ತೀನಿ."

"ಈ ಹವೇಲಾ? ಶಾಲೆಗೇ ರಜೆ ಕೊಟ್ಟಿದ್ದಾರೆ. ಬೀದೀಲಿ ಒಂದು ನಾಯಿ ಕೂಡ ಇಲ್ಲ."

"ನಾಯಿಗೆ ಚಿಕ್ಕಮ್ಮ ಇರಲ್ಲ. ಎಲ್ಲಾದ್ರೂ ಆಡ್ತಿರುತ್ತೆ."

ಪ್ರೆಸ್ಸಿನವನು ಎದ್ದ. ಕೋತಿಯಾದ, ಕುಂಟಿದ, ಟವೆಲ್ಲನ್ನೇ ಗಡ್ಡ ಮಾಡಿಕೊಂಡ. ಗುಬ್ಬಿ ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ನೋಡಿದಳು.

"ಅಳೋ ಮಗೂನೇ ಹಾಕಿಬಿಡಿ ಅಮ್ಮ," ಎಂದು ಅವನು ಏದುಸಿರಿನಲ್ಲಿ ಕೂತ. "ಹಿಮ ಕಣ್ಣಿಗೆ ಬಿತ್ತು ಅಂದ್ಕೋತಾರೆ."

"ಕೆಳಗೆ 'ಕಿಲಕಿಲ ನಕ್ಕಳು' ಅಂತ ಸಾಲಿದೆಯಲ್ಲಪ್ಪ."

"ಹಾಗಾದ್ರೆ ನೀವು ಕೆಟ್ಟಿರಿ."

ನಾಲ್ಕೂ ಮುಕ್ಕಾಲು. ಚಿಕ್ಕಮ್ಮ ಮಂಡಿಯೂರಿದಳು.

"ಒಂದೇ ಒಂದು ನಗು ಕೊಡು. ಬಾಗಿಲು ತೆಗೆಸ್ತೀನಿ."

"ಮೊದಲು ಬಾಗಿಲು."

"ಮೊದಲು ನಗು."

"ನಿನ್ನೇನೂ ಹೀಗೇ ಹೇಳಿದ್ದೆ."

ಹೇಳಿದ್ದು ನಿಜ. ಚಿಕ್ಕಮ್ಮ ಸೋತಳು. ಹತ್ತಿಯ ನಡುವೆ ನಿಂತ ಹುಡುಗಿಯನ್ನು ಕ್ಯಾಮೆರಾದ ಚೌಕಟ್ಟಿಗೆ ತಂದುಕೊಂಡು, ತನ್ನ ಬೆನ್ನ ಹಿಂದಿನ ಬಾಗಿಲಿನತ್ತ ಕೈಸನ್ನೆ ಮಾಡಿದಳು. ಪ್ರೆಸ್ಸಿನವನು ಚಿಲಕ ಎಳೆದ.

ಗುಬ್ಬಿಯ ಕಣ್ಣು ಅರಳಿತು. ಆಮೇಲೆ ಬಾಯಿ. ಆಮೇಲೆ ಕೋಟಿನೊಳಗಿನ ಇಡೀ ಗುಬ್ಬಿ ನಕ್ಕಳು. ಚಿಕ್ಕಮ್ಮ ಗುಂಡಿ ಒತ್ತಿದಳು. ಸಿಕ್ಕಿತು. ಸ್ಟುಡಿಯೋ ಉಳಿಯಿತು.

ಅಷ್ಟರಲ್ಲಿ ಗುಬ್ಬಿ ಅವಳನ್ನು ದಾಟಿ ಓಡಿ, ಹೊಸ್ತಿಲಾಚೆ ಧುಮುಕಿ, ಸೊಂಟದವರೆಗೆ ಹಿಮದಲ್ಲಿ ಹೂತುಹೋಗಿದ್ದಳು. ಪ್ರೆಸ್ಸಿನವನು ಮನೆ, ಮರ, ದಾರಿಯೆಲ್ಲ ಮುಚ್ಚಿಹೋದ ಬೀದಿಯನ್ನು ಉದ್ದಕ್ಕೂ ನೋಡಿ ಮರುಕದಿಂದ ತಲೆಯಾಡಿಸಿದ: "ಇಷ್ಟು ಬಿದ್ದು ಏನು ಬಂತಮ್ಮ, ಒಂಚೂರಾದ್ರೂ ಹಿಮದ ಹಾಗೆ ಕಾಣುತ್ತಾ?"