ಒಬ್ಬರಿಗೆ ಒಲೆ ಹಚ್ಚುವುದಿಲ್ಲ

ಏಳು ಸಮುದ್ರದಾಚೆ ಅಲ್ಲ, ರಾಜರಾಣಿಯರ ಕಾಲದಲ್ಲೂ ಅಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹೋದ ಶನಿವಾರ ಮಧ್ಯಾಹ್ನ, ಒಬ್ಬ ಹುಡುಗಿ ಒಂದು ಟೇಬಲ್ಲನ್ನು ಕಾಯುತ್ತಿದ್ದಳು. ನಿಧಿ ಕಾಯುವ ಸರ್ಪದ ಹಾಗೆ.

ಅದು ಆರೇ ಟೇಬಲ್ಲಿನ ಜಪಾನಿ ಹೋಟೆಲು. ಪ್ರತಿ ಟೇಬಲ್ಲಿನ ನಡುವೆ ಒಂದು ಕುಳಿ, ಕುಳಿಯಲ್ಲಿ ಕೆಂಡ, ಕೆಂಡದ ಮೇಲೆ ಜಾಲರಿ. ಮಾಂಸದ ತೆಳು ಹೋಳುಗಳನ್ನು ಹಸಿಯಾಗಿಯೇ ತಂದಿಡುತ್ತಾರೆ; ಸುಟ್ಟುಕೊಂಡು ತಿನ್ನುವುದು ಗಿರಾಕಿಯ ಕೆಲಸ. ಗಲ್ಲಾದ ಹಿಂದೆ ಒಂದು ಹಲಗೆ: ‘ಒಬ್ಬರಿಗೆ ಒಲೆ ಹಚ್ಚುವುದಿಲ್ಲ.’ ಜೊತೆಯವರು ಬರುವ ತನಕ ಬಾಗಿಲ ಬಳಿಯ ಬೆಂಚೇ ಗತಿ. ಬಾರದೇ ಹೋದರೆ, ಇನ್ನೊಬ್ಬ ಒಂಟಿಯ ಎದುರು ಕೂರಬೇಕು.

ಹುಡುಗಿ ಬಾಗಿಲು ತೆರೆದ ಹೊತ್ತಿಗೇ ಬಂದು, ಇಬ್ಬರಿಗೆಂದು ಹೇಳಿ, ದುಡ್ಡನ್ನೂ ಮುಂಗಡವಾಗಿಯೇ ಕೊಟ್ಟು, ಮೂಲೆ ಹಿಡಿದಿದ್ದಳು. ಎದುರಿನ ಕುರ್ಚಿ ಇನ್ನೂ ಖಾಲಿ. ಎರಡು ತಟ್ಟೆ ಮಾಂಸ ಮುಟ್ಟದೆ ಉಳಿದಿತ್ತು. ಜಾಲರಿಯ ಮೇಲೆ ಒಂದೇ ಒಂದು ಅಣಬೆ ಕರಿಯಾಗುತ್ತಿತ್ತು. ಕೂದಲಿಗೆ ಹೊಗೆ ಹತ್ತದಿರಲೆಂದು ಹೋಟೆಲಿನವರು ಕೊಡುವ ಬಟ್ಟೆಯನ್ನು ಹುಬ್ಬಿನ ತನಕ ಬಿಗಿದಿದ್ದಳು. ಬಾಗಿಲಿಗೆ ಬೆನ್ನು. ಕಣ್ಣು ಮಾತ್ರ ಛಾವಣಿಯಿಂದ ಇಳಿದ ಹೊಗೆಕೊಳವೆಯ ಮೇಲೆ. ಫಳಫಳಿಸುವ ಸ್ಟೀಲು, ಇಡೀ ಹೋಟೆಲು ಅದರಲ್ಲಿ ಸೊಟ್ಟಗೆ ಕಾಣುತ್ತಿತ್ತು.

“ಆ ಅಣಬೆ ಏನು ಪಾಪ ಮಾಡಿತ್ತಮ್ಮ?” ಎಂದ ಹೊಸ ಕೆಂಡ ಸುರಿಯಲು ಬಂದ ಕೆಂಡದಣ್ಣ. 

ಅವನ ಹಿಂದೆಯೇ ಯಜಮಾನ್ತಿ ಬಂದಳು. “ಏನಮ್ಮಾ, ನಿನ್ನ ಜನ ಬರ್ತಾರೋ ಇಲ್ವೋ? ಹೊರಗಿನವರು ನನ್ನನ್ನೇ ಸುಟ್ಟು ತಿನ್ನೋ ಹಾಗಿದಾರೆ.”

“ದೂರ ಏನಿಲ್ಲ ಅಕ್ಕ, ಹತ್ತಿರಾನೇ. ಬರೋದೇ ಕಷ್ಟ.”

“ಮೂರಕ್ಕೆ ಒಲೆ ಆರಿಸ್ತೀವಿ.”

“ಅಷ್ಟರೊಳಗೆ ಆಗ್ಲೇಬೇಕು.” ಹುಡುಗಿ ಇಕ್ಕಳದಿಂದ ಅಣಬೆಯನ್ನು ಮಗುಚಿದಳು. “ಒಂಬತ್ತು ವರ್ಷದ ಮುನಿಸು. ಇವತ್ತು ಎದುರುಬದುರು ಕೂತು ಉಣ್ಣದಿದ್ರೆ ನಾಳೆ ನನ್ನ ತಂಗಿ ಮದುವೆನೇ ಇಲ್ಲ. ಹಠ ಹಿಡಿದು ಕೂತಿದಾಳೆ. ನಾನು ಮಾತು ಕೊಟ್ಟುಬಿಟ್ಟಿದೀನಿ.”

ಯಜಮಾನ್ತಿಯ ಕಿವಿ ನೆಟ್ಟಗಾಯಿತು. ಒಂಬತ್ತು ವರ್ಷ! ತಂಗಿಯ ಕೈ ಹಿಡಿಯುವವನು ಮೊದಲು ಅಕ್ಕನಿಗೆ ಬೇಕಾದವನೋ? ಟೇಬಲ್ಲಿನ ಮೇಲಿದ್ದ ಹುಡುಗಿಯ ಫೋನಿನಲ್ಲಿ ‘ಇನ್ನು ಹತ್ತು ನಿಮಿಷ’ ಎಂಬ ಸಾಲು ಕಂಡಿತು. ಅವಳು ಗಲ್ಲಾಕ್ಕೆ ಮರಳಿ, ಒಳಬರುವ ಒಬ್ಬೊಬ್ಬ ತರುಣನನ್ನೂ ಅಡಿಯಿಂದ ಮುಡಿಯ ತನಕ ಅಳೆಯತೊಡಗಿದಳು. ಬಂದವರೆಲ್ಲ ಬೇರೆ ಟೇಬಲ್ಲಿಗೇ ಹೋದರು.

ಬೆಂಚಿನ ಮೇಲೆ ಇನ್ನೊಂದು ತಲೆನೋವು. ಹದಿಮೂರನೆಯ ಟೋಕನ್ನಿನ ಕನ್ನಡಕದ ಗಂಡಸು, ಹದಿನಾಲ್ಕನೆಯ ಟೋಕನ್ನಿನ ದೊಡ್ಡ ಚೀಲದ ಹೆಂಗಸು. ಇಬ್ಬರೂ ಹೇಳಿದ್ದು ಒಂದೇ: “ಇಬ್ಬರು. ಇನ್ನೊಬ್ಬರು ದಾರೀಲಿದಾರೆ.” ಇರುವುದೊಂದೇ ಬೆಂಚು. ಹೆಂಗಸು ಅವನನ್ನು ನೋಡಿದ್ದೇ ತಿರುಗಿ ಹೊರಟವಳು, ಫೋನು ನೋಡಿ, ನಿಟ್ಟುಸಿರಿಟ್ಟು, ಚೀಲವನ್ನು ಗೋಡೆಯ ಹಾಗೆ ನಡುವೆ ಇಟ್ಟು ಕೂತಿದ್ದಳು. ಯಾರು ಮೊದಲು ಬಂದದ್ದೆಂಬ ಜಗಳವಿರಬೇಕು ಎಂದುಕೊಂಡಳು ಯಜಮಾನ್ತಿ. ದಿನಾ ಇದ್ದದ್ದೇ.

ಎರಡೂಕಾಲು. ಎರಡೂವರೆ. ಹುಡುಗಿ ಫೋನಿನ ಮೇಲೆ ಬೆರಳಾಡಿಸಿದಳು, ಕೊಳವೆ ನೋಡಿದಳು, ಉಗುರು ಕಚ್ಚಿದಳು.

ಬೆಂಚಿನಲ್ಲಿ ಗಂಡಸು ಮೊದಲು ಬಾಯಿಬಿಟ್ಟ. ಗಾಳಿಗೆ ಹೇಳಿದಂತೆ. “ನಮಗೆ ಮಾತ್ರ ಕಾನೂನು. ಆ ಮೂಲೆಯವಳು ಒಬ್ಬಳೇ ಕೂತು ಅಣಬೆ ಹೆಣ ಸುಡ್ತಾ ಇದಾಳೆ, ಕೇಳೋರಿಲ್ಲ.”

ಹೆಂಗಸು ಅವನತ್ತ ತಿರುಗದೆಯೇ ಅಂದಳು: “ತಲೆಗೆ ಬಟ್ಟೆ ಬೇರೆ, ಯುದ್ಧಕ್ಕೆ ಹೊರಟವಳ ಹಾಗೆ. ಯಾರು ಹೆತ್ತರೋ ಇದನ್ನ!”

“ಹೆತ್ತವರು ಸ್ವಲ್ಪ ಬುದ್ಧಿ ಕಲಿಸ್ಬೇಕಿತ್ತು.”

“ಅಮ್ಮ ಕಲಿಸಿರ್ತಾಳೆ. ಅಪ್ಪ ಮುದ್ದು ಮಾಡಿ ಕೆಡಿಸಿರ್ತಾನೆ.”

ಗಂಡಸು ಥಟ್ಟನೆ ಅವಳತ್ತ ತಿರುಗಿದ. ಜಗಳ ಹತ್ತಿಕೊಂಡಿತು ಎಂದು ಯಜಮಾನ್ತಿ ಎದ್ದೇ ನಿಂತಳು. ಆದರೆ ಅವನಿಗೆ ನಗು ಬಂತು. ಮೂಗಿನಿಂದ, ಪುಸಕ್ಕನೆ. ಹೆಂಗಸು ತುಟಿ ಬಿಗಿಹಿಡಿದಳು, ಆಗಲಿಲ್ಲ. ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಅದೇ ಗಳಿಗೆಯಲ್ಲಿ ಹುಡುಗಿ ಎದ್ದಳು. ಬಾಗಿಲ ಕಡೆ ಬರಲಿಲ್ಲ. ಗೋಡೆಗೆ ಅಂಟಿಕೊಂಡೇ ಅಡುಗೆಮನೆಯ ಪರದೆಯ ಬಳಿ ಸರಿದು ಯಜಮಾನ್ತಿಯನ್ನು ಕೈಬೀಸಿ ಕರೆದಳು.

“ಅಕ್ಕಾ, ನಾನು ಟೇಬಲ್ ಬಿಟ್ಟೆ. ಬೆಂಚಿನ ಮೇಲಿರೋ ಆ ಇಬ್ಬರು ಒಂಟಿಗಳನ್ನ ಅಲ್ಲಿ ಕೂರಿಸಿ. ಈಗಲೇ. ಮಾಂಸ ಹಾಗೇ ಇದೆ, ದುಡ್ಡು ನಾನು ಕೊಟ್ಟಾಗಿದೆ.”

“ಮತ್ತೆ ನಿನ್ನ ತಂಗಿ ಮದುವೆ?”

ಹುಡುಗಿ ತಲೆಬಟ್ಟೆಯ ಅಂಚಿನಿಂದ ಮೂಗೊರೆಸಿಕೊಂಡಳು. ಕಣ್ಣು ತುಂಬಿತ್ತು. ಕೈಕೊಟ್ಟನಲ್ಲ ಪಾಪಿ, ಎಂದು ಯಜಮಾನ್ತಿ ಮನಸ್ಸಿನಲ್ಲೇ ಶಪಿಸಿ ಬೆಂಚಿನವರನ್ನು ಕರೆದಳು. ಹಸಿದಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೇಡ ಎನ್ನಲು ಬಾಯಿ ತೆರೆದು, ಸುಮ್ಮನೆ ಬಂದು ಕೂತರು.

ಗಂಡಸು ಕರಕಲು ಅಣಬೆಯನ್ನು ಪಕ್ಕಕ್ಕೆ ಎತ್ತಿ ಹಾಕಿದ. ಒಂದು ಹೋಳು ಇಟ್ಟ. ಚುರ್ರೆಂದಿತು. ಮಗುಚಿದ. ಕೇಳದೆಯೇ ಇನ್ನೊಮ್ಮೆ ಮಗುಚಿ, ಅಂಚು ಕೆಂಪಗೆ ಗರಿಗರಿಯಾಗುವ ತನಕ ಬಿಟ್ಟು, ಎದುರಿನ ತಟ್ಟೆಗೆ ಹಾಕಿದ. ಹೆಂಗಸು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿಗಿಟ್ಟುಕೊಂಡಳು.

ಪರದೆಯ ಹಿಂದೆ ಹುಡುಗಿ, ಬೆಂಚಿನ ಇಬ್ಬರಿಗೂ ಬೇರೆ ಬೇರೆಯಾಗಿ ‘ಇನ್ನು ಹತ್ತು ನಿಮಿಷ’ ಎಂದು ಕಳಿಸಿದ್ದ ಅದೇ ಫೋನಿನಲ್ಲಿ, ತಂಗಿಗೆ ಹೇಳುತ್ತಿದ್ದಳು: “ಅಪ್ಪ ಸುಟ್ಟು ಕೊಟ್ಟಿದ್ದನ್ನ ಅಮ್ಮ ತಿಂದ್ಲು ಕಣೇ.”