ಕಾಶವ್ವನ ಗಾಳಿ

ಚಂದ್ರನ ಮೇಲಿನ ಗಡಿಠಾಣೆಯಲ್ಲಿ ಸಿಪಾಯಿಗಳ ಪಗಾರದಿಂದ ಮೊದಲು ಮುರಿದುಕೊಳ್ಳುವುದು ಗಾಳಿಯ ಖರ್ಚು. ಮಿಕ್ಕಿದ್ದರಲ್ಲಿ ಮಗಳನ್ನು ಕರೆಸಿಕೊಂಡು ಅವಳ ಉಸಿರಿಗೂ ದುಡ್ಡು ಕಟ್ಟುವುದು ಹವಾಲ್ದಾರ್ ಕಾಶವ್ವನಿಗೆ ಆಗುವ ಮಾತಾಗಿರಲಿಲ್ಲ. ಅದಕ್ಕೇ ತನ್ನ ಖೋಲಿಯ ಗೋಡೆ ತುಂಬ ಬಸಳೆ ಬಳ್ಳಿ ಹಬ್ಬಿಸಿದಳು. ಜೊತೆಗಾರರು ಬಿದ್ದು ಬಿದ್ದು ನಕ್ಕರು.

ವರ್ಷದ ಕೊನೆಗೆ ಪಗಾರದ ಗುಮಾಸ್ತ ಖೋಲಿಯ ಗಾಳಿ ಅಳೆದು ದಂಗಾದ.

"ಅಕ್ಕಾರ, ನಿಮ್ಮ ಬಳ್ಳಿ ಇಬ್ಬರಿಗಾಗೋವಷ್ಟು ಗಾಳಿ ಕೊಡಾಕತ್ತೈತಿ. ಇನ್ನ ಪಗಾರ ಮುರಿಯಂಗಿಲ್ಲ!"

ಮುಂದಿನ ನೌಕೆಯಲ್ಲಿ ಮಗಳು ಶಿವಲೀಲಾ ಬಂದಿಳಿದಳು. ಠಾಣೆಯ ಉದ್ದನೆಯ ಓಣಿ ನೋಡಿ ಅವ್ವನ ಕಿವಿಯಲ್ಲಿ ಕೇಳಿದಳು, "ಓಡಿದ್ರ ಗಾಳಿ ಭಾಳ ಖರ್ಚಾಗ್ತೈತೇನ?"

"ಆಗ್ಲಿ ಬಿಡವಾ, ನಮ್ಮದ ಐತಿ. ಓಡು!" ಎಂದಳು ಕಾಶವ್ವ.

ಹುಡುಗಿ ಕೇಕೆ ಹಾಕುತ್ತ ಓಡಿದಳು. ಸಿಪಾಯಿಗಳು ಗೋಡೆಗೆ ಸರಿದು ದಾರಿ ಬಿಟ್ಟು, ಚಪ್ಪಾಳೆ ತಟ್ಟಿದರು.