ಮುಯ್ಯಾಳು

ಕರೆಯದೆ ಬಂದ ಆರೋಗ್ಯಮ್ಮ ಕಾಂತರಾಜುವಿನ ಹೊಗೆಸೊಪ್ಪಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಲೆ ಎತ್ತಿ ಕಡ್ಡಿಗೆ ಕಟ್ಟತೊಡಗಿದಳು. ಕಾಂತರಾಜು ಕೈಯಲ್ಲಿದ್ದ ದಾರದುಂಡೆಯನ್ನು ನೆಲಕ್ಕೆ ಕುಕ್ಕಿದ.

“ನಿನ್ನ ಯಾರು ಕರೆದ್ರು?”

“ಯಾರೂ ಕರೀಲಿಲ್ಲ ಕಾಂತಣ್ಣ. ಸೊಪ್ಪು ಬಾಡ್ತಾ ಐತೆ, ದಾರ ಇತ್ಲಾಗೆ ಕೊಡು.”

ಬಾಡುತ್ತಿದ್ದದ್ದು ನಿಜ. ಬೆಳಿಗ್ಗೆ ಮುರಿದ ಸೊಪ್ಪನ್ನು ಕಟ್ಟಿ, ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ನಿಗೆ ಏರಿಸದಿದ್ದರೆ ರಾಶಿಯಲ್ಲೇ ಬೆಂದು ಕಪ್ಪಾಗುತ್ತದೆ. ಬರಬೇಕಿದ್ದ ಮುಯ್ಯಾಳುಗಳೆಲ್ಲ ಹನಗೋಡಿನಲ್ಲಾದ ಒಂದು ಸಾವಿಗೆ ಹೋಗಿದ್ದರು. ಉಳಿದದ್ದು ಅವನು ಮತ್ತು ಹೆಂಡತಿ ಸೌಂದರ್ಯ. ಇಂದು ಇವರ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ಇವರು. ಊರಿನ ಬೇಸಾಯ ನಡೆಯುತ್ತಿದ್ದದ್ದೇ ಈ ಮುಯ್ಯಿಯ ಮೇಲೆ. ಆರೋಗ್ಯಮ್ಮನ ಮನೆಯಲ್ಲಿ ಚರ್ಚಿನವರ ಶುಕ್ರವಾರದ ಪ್ರಾರ್ಥನೆ ಶುರುವಾದ ಮೇಲೆ, ಅವಳ ಹೊಲಕ್ಕೆ ಯಾರೂ ಮುಯ್ಯಾಳು ಹೋಗಕೂಡದೆಂದು ಮನೆಮನೆಗೆ ಹೇಳಿ ಬಂದವನು ಇದೇ ಕಾಂತರಾಜು. ಗಂಡನಿಲ್ಲದ ಹೆಂಗಸು. ಈ ಸಲ ಅವಳ ಸೊಪ್ಪು ಗಿಡದಲ್ಲೇ ಹಣ್ಣಾಗಿ ಒಣಗುತ್ತಿತ್ತು.

“ನಿನ್ನ ಮುಯ್ಯಿ ತೀರ್ಸೋಕೆ ನಾನು ಬರಾಕಿಲ್ಲ, ಈಗ್ಲೇ ಯೋಳಿವ್ನಿ.”

“ಬರಬ್ಯಾಡ ಬುಡು.”

“ಮತ್ಯಾಕೆ ಬಂದೆ? ನನ್ನ ನಿಮ್ಮ ಚರ್ಚಿಗೆ ಸೇರ್ಸಾಕಾ?”

“ನಿನ್ನ ಸೇರಿಸ್ಕೊಂಡ್ರೆ ಇರೋರೂ ಎದ್ದೋಯ್ತಾರೆ.” ಆರೋಗ್ಯಮ್ಮ ತಲೆ ಎತ್ತಲಿಲ್ಲ. “ಬರೋಕೆ ನಂಗೇನು ಆಸೆ ಇತ್ತಾ? ನಿನ್ನ ಮುಖ ಕಂಡ್ರೇ ಮೈ ಉರೀತದೆ. ಹಗೆ ಮಾಡ್ದೋರಿಗೂ ಒಳ್ಳೇದು ಮಾಡು ಅಂತಾನೆ ನಮ್ಮ ಸ್ವಾಮಿ. ದಿನಾ ಪ್ರಾರ್ಥನೇಲಿ ಅವನ ಜೊತೆ ಇದೇ ಜಗಳ ಕಣಣ್ಣ ನಂಗೆ.”

ಸೌಂದರ್ಯ ಬಾಯಿಗೆ ಸೆರಗು ಅಡ್ಡ ಹಿಡಿದಳು. ಕಾಂತರಾಜು ಹೆಂಡತಿಯನ್ನು ದುರುಗುಟ್ಟಿ ನೋಡಿದ.

ಸಂಜೆಗೆ ರಾಶಿ ಕರಗಿತು. ಮಧ್ಯಾಹ್ನ ಆರೋಗ್ಯಮ್ಮನನ್ನು ಅವನು ಊಟಕ್ಕೆ ಕರೆದಿರಲಿಲ್ಲ, ಸೌಂದರ್ಯಳಿಗೂ ಕರೆಯಗೊಟ್ಟಿರಲಿಲ್ಲ. ಈಗ ಕೂಲಿ ಕೊಡಲು ಹೋದರೆ ಅವಳು, “ನಾನೇನು ಕೂಲಿಯವಳಾ?” ಎಂದು ಸೊಪ್ಪಿನ ಕಪ್ಪು ಅಂಟು ಮೆತ್ತಿದ ಕೈಯನ್ನು ಹಿಂದಕ್ಕೆಳೆದುಕೊಂಡು ಹೊರಟೇಹೋದಳು. ಕೂಲಿ ತೆಗೆದುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಯ್ಯಿ ಉಳಿಸಿಕೊಂಡವರು ಎಂಬ ಮಾತು ಅವನ ಮನೆತನಕ್ಕೆ ಎಂದೂ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಅವಳ ಹೊಲದಲ್ಲಿದ್ದರು. “ತೀರ್ಸೋಕೆ ಬಂದಿವ್ನಿ. ಮಾತಾಡಿಸಬ್ಯಾಡ,” ಎಂದ. ಅವಳು ಕೈಯಲ್ಲೇ ಸಾಲು ತೋರಿಸಿದಳು. ಬಿಸಿಲು ನೆತ್ತಿಗೆ ಬರುವ ತನಕ ಬಾಗಿ ಸೊಪ್ಪು ಮುರಿದ. ಇನ್ನರ್ಧ ದಿನ, ಪೀಡೆ ಕಳೆಯಿತು ಎಂದುಕೊಂಡ.

ಅಷ್ಟರಲ್ಲಿ ಅವಳು ಬದುವಿನ ಮೇಲೆ ತಟ್ಟೆಗಳನ್ನಿಟ್ಟಳು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು.

ಕಾಂತರಾಜು ತಟ್ಟೆಯನ್ನೇ ನೋಡಿದ. ನಿನ್ನೆ ತಾನು ಅವಳಿಗೆ ಇಕ್ಕದ ಊಟ. ಸೌಂದರ್ಯ ಆಗಲೇ ತುತ್ತು ಮುರಿದಿದ್ದಳು.

“ಥೂ ಅತ್ಲಾಗೆ,” ಎಂದು ಹಣೆ ಚಚ್ಚಿಕೊಂಡ. ಕೈಯ ಕಪ್ಪು ಹಣೆಗೆ ಮೆತ್ತಿಕೊಂಡಿತು. “ಇದನ್ನ ತೀರ್ಸಬೇಕು ಅಂದ್ರೆ ಇನ್ನು ನಿನ್ನ ನಮ್ಮನೆಗೆ ಉಣ್ಣಾಕೆ ಕರೀಬೇಕು.”

“ಶುಕ್ರವಾರ ಬ್ಯಾಡ ಕಾಂತಣ್ಣ,” ಆರೋಗ್ಯಮ್ಮ ಅವನ ತಟ್ಟೆಗೆ ಸಾರು ಬಿಟ್ಟಳು. “ಪ್ರಾರ್ಥನೆ ಐತೆ.”